ಲಗ್ನಪತ್ರಿಕೆಯಲ್ಲಿ ಹಿಡಿಸದ ವಿಶ್ವವಿದ್ಯಾಲಯ

ಹೋದ ವಾರ ಮುಳಬಾಗಿಲಿನಿಂದ ತವರಿಗೆ ಹೊರಟಿದ್ದೆ. ಶ್ರೀನಿವಾಸಪುರದ ಮಾವಿನ ಮಂಡಿಗಳ ಎದುರು ಬಸ್ಸು ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತುಬಿಟ್ಟಿತು. ಕಿಟಕಿಯಿಂದ ಸೊನೆಯ ವಾಸನೆ ಒಳಗೆ ಬಂತು. ಕಾಯಿಯ ತೊಟ್ಟು ಮುರಿದಾಗ ಒಸರುವ ಆ ಹಾಲಿನ ವಾಸನೆ ಹಣ್ಣಿನ ಘಮದಂತಲ್ಲ. ಖಾರವಾಗಿ ಮೂಗಿಗೆ ಹೊಡೆಯುತ್ತದೆ, ಮೈಗೆ ತಾಗಿದರೆ ಸುಟ್ಟಂತೆ ಗಾಯವಾಗುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಈ ವಾಸನೆ ಬಂದ್ರೇನೇ ನಮ್ಮೂರು ಅನ್ಸೋದು" ಅಂದರು. ನಾನು ಸುಮ್ಮನೆ ತಲೆಯಾಡಿಸಿದೆ. ಮೂರು ವರ್ಷದ ಹಿಂದಿನ ಒಂದು ಮಾವಿನ ಸುಗ್ಗಿ ನೆನಪಾಗಿತ್ತು.

ಆ ಸುಗ್ಗಿಯಲ್ಲಿ ನನ್ನ ತಂಗಿ ಹೇಮಳ ಮದುವೆ ಗೊತ್ತಾಯಿತು, ಅದೇ ಸುಗ್ಗಿಯಲ್ಲಿ ಮುರಿದೂ ಹೋಯಿತು. ಜಾತಕ ಕೂಡದೆ ಮುರಿಯಲಿಲ್ಲ. ಕೊಡುವ ತೆಗೆದುಕೊಳ್ಳುವ ಮಾತಿಗೆ ಮುರಿಯಲಿಲ್ಲ. ಹುಡುಗಿ ಓದಿದ ವಿಶ್ವವಿದ್ಯಾಲಯ ದೊಡ್ಡದೋ, ಹುಡುಗ ಓದಿದ ಸಂಸ್ಥೆ ದೊಡ್ಡದೋ ಎಂಬ ಜಗಳದಲ್ಲಿ ಮುರಿಯಿತು. ಯಾರಿಗಾದರೂ ಹೇಳಿದರೆ ನಗುತ್ತಾರೆ. ನನಗೆ ಇವತ್ತಿಗೂ ನಗು ಬರುವುದಿಲ್ಲ.

ನಮ್ಮದು ಗೌನಿಪಲ್ಲಿ ಪಕ್ಕದ ಹಳ್ಳಿ. ಆಂಧ್ರದ ಗಡಿ ಅಲ್ಲೇ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಂಡಿಗೆ ಹೋದರೆ ದಖನಿ ಉರ್ದು. ಹೀಗೆ ಮೂರು ಭಾಷೆಯೂ ಬಾಯಲ್ಲಿ ಕಲೆಸಿಕೊಂಡೇ ಬೆಳೆದವರು ನಾವು. ಅಪ್ಪನಿಗೆ ಮಾವಿನ ತೋಟ. ನಾನು ದೊಡ್ಡ ಮಗಳು. ಕೋಲಾರದ ಕಾಲೇಜೊಂದರಲ್ಲಿ ಬಿ.ಎ. ಓದಿ, ಬಿ.ಎಡ್. ಮುಗಿಸಿ, ಮುಳಬಾಗಿಲು ಬಳಿಯ ಬೈರಕೂರಿನ ಕಡೆಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನಗಿಂತ ಎಂಟು ವರ್ಷ ಚಿಕ್ಕವಳಾದ ಹೇಮಳೂ ಅದೇ ಕಾಲೇಜಿನಲ್ಲಿ ಓದಿದಳು. ಆದರೆ ಅವಳು ಅಲ್ಲಿಗೇ ನಿಲ್ಲಲಿಲ್ಲ. ಪರೀಕ್ಷೆ ಬರೆದು ದೆಹಲಿಗೆ ಹೋದಳು, ಅಲ್ಲಿನ ದೊಡ್ಡ ಹೆಸರಿನ ವಿಶ್ವವಿದ್ಯಾಲಯವೊಂದರಲ್ಲಿ ಭಾಷಾವಿಜ್ಞಾನದ ಎಂ.ಎ. ಮಾಡಿ, ಪಿಎಚ್.ಡಿ.ಗೂ ಅಲ್ಲೇ ಸೇರಿದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷ ನಮ್ಮ ನಡುಮನೆಯಲ್ಲಿ ಅದನ್ನು ಸಾಕಷ್ಟು ಎಳೆದಾಡಿದ್ದಾರೆ.

ಅವಳು ಕೆಲಸ ಮಾಡುತ್ತಿದ್ದುದು ನಮ್ಮ ಮಾತಿನ ಮೇಲೇ. ಶ್ರೀನಿವಾಸಪುರದ ಸುತ್ತಮುತ್ತ ಕನ್ನಡ, ತೆಲುಗು, ದಖನಿ ಹೇಗೆ ಒಂದರೊಳಗೊಂದು ಬೆರೆತಿವೆ ಎಂಬುದರ ಮೇಲೆ. ಥೀಸಿಸ್ ಒಪ್ಪಿಸಿ, ಮೌಖಿಕ ಪರೀಕ್ಷೆಗೆ ಕರೆ ಬರುವ ತನಕ ಊರಲ್ಲಿರುತ್ತೇನೆ ಎಂದು ಏಪ್ರಿಲ್‌ನಲ್ಲಿ ಬಂದಳು. ಯುಗಾದಿಯ ಹೊತ್ತಿಗೆ ಬಿದ್ದ ಆಲಿಕಲ್ಲಿಗೆ ಒಂದಷ್ಟು ಹೀಚು ಉದುರಿತ್ತು. ಉಳಿದದ್ದು ಚೆನ್ನಾಗಿ ಕಚ್ಚಿತ್ತು. ನನಗೂ ರಜೆ. ಮಗನನ್ನು ಕರೆದುಕೊಂಡು ನಾನೂ ತವರಿಗೆ ಹೋಗಿದ್ದೆ.

ತೋಟದ ಫಸಲು ಗುತ್ತಿಗೆಗೆ ಹಿಡಿದಿದ್ದ ವ್ಯಾಪಾರಿಯ ತಾಯಿ ಜಮೀಲಾಬಿ ಮರದ ನೆರಳಲ್ಲಿ ಕೂತು ಕಾಯಿ ವಿಂಗಡಿಸುತ್ತಿದ್ದರು. ಹೇಮ ಅವರ ಪಕ್ಕದಲ್ಲಿ ಫೋನು ಇಟ್ಟು ಅವರ ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. "ದೇಖೋ ಅಮ್ಮಾ, ಈ ಕಾಯಿ ಪಂಡು ಆಗೋದಿಲ್ಲ" ಅಂತ ಅವರು ಅಂದರೆ, ಇವಳಿಗೆ ಹಬ್ಬ. "ಅಕ್ಕ, ಹಣ್ಣಿಗೆ ತೆಲುಗಿನ ಪಂಡು ಅಂದ್ರು, ಒಂದೇ ಮಾತಲ್ಲಿ ಮೂರು ಭಾಷೆ ನೋಡು, ಒಂದಕ್ಕೂ ನೋವಾಗಿಲ್ಲ" ಅನ್ನುತ್ತಿದ್ದಳು. ಅಮ್ಮನಿಗೆ ಮಾತ್ರ ಇದು ಅರ್ಥವಾಗುತ್ತಿರಲಿಲ್ಲ. "ಏಮಿ ಚದುವೋ ಏಮೋ, ಎಂಥ ಓದೋ ಏನೋ, ಇದನ್ನ ಕೇಳೋಕೆ ದೆಹಲಿಗೆ ಹೋಗ್ಬೇಕಿತ್ತಾ" ಎಂದು ಗೊಣಗುತ್ತಿದ್ದಳು.

ಬಾದಾಮಿ ಮಾವು ಕೀಳಲು ಶುರುವಾದ ವಾರ ಗೋಪಾಲಪ್ಪ ಮಾವ ಸಂಬಂಧ ತಂದರು. ಮಾವ ಅಂದರೆ ಅಮ್ಮನ ತಮ್ಮ. ನಾವಿಬ್ಬರೂ ಓದಿದ ಕೋಲಾರದ ಕಾಲೇಜಿನಲ್ಲೇ ಪಾಠ ಮಾಡಿ, ಅಲ್ಲೇ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ನಿವೃತ್ತಿಯ ನಂತರ ಅವರಿಗೆ ಅಂಟಿಕೊಂಡ ಹುಚ್ಚು ಇದು: ದೇಶದ ಯಾವ ವಿಶ್ವವಿದ್ಯಾಲಯ ಎಷ್ಟನೆಯದು, ಯಾವುದು ಏರಿತು, ಯಾವುದು ಇಳಿಯಿತು. ಕ್ರಿಕೆಟ್ ನೋಡುವವರು ಸ್ಕೋರ್ ಹೇಳಿದ ಹಾಗೆ ಹೇಳುತ್ತಿದ್ದರು. ಹೇಮ ದೆಹಲಿಗೆ ಹೋದ ಮೇಲೆ ಅದು ಇನ್ನೂ ಹೆಚ್ಚಿತು. ಯಾವ ಮದುವೆಮನೆಗೆ ಹೋದರೂ "ನಮ್ಮ ಅಕ್ಕನ ಮಗಳು" ಎಂದು ಶುರುಮಾಡಿ ವಿಶ್ವವಿದ್ಯಾಲಯದ ಹೆಸರಲ್ಲಿ ಮುಗಿಸುತ್ತಿದ್ದರು. ನಡುವೆ ಹೇಮ ಇರುತ್ತಿರಲಿಲ್ಲ.

ಹುಡುಗ ಕಿರಣ್, ಮಾಲೂರಿನವನು. ಮದರಾಸಿನ ದೊಡ್ಡ ಸಂಸ್ಥೆಯೊಂದರಲ್ಲಿ ಇಂಜಿನಿಯರಿಂಗ್ ಓದಿ ನರಸಾಪುರದ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ. ತಂದೆ ಇರಲಿಲ್ಲ. ಮನೆಯ ಮಾತೆಲ್ಲ ಅವನ ದೊಡ್ಡಪ್ಪ ಜಯರಾಮ್ ಅವರದು. ಅವರು ಮಾಲೂರಿನಲ್ಲಿ ಕೋಚಿಂಗ್ ಸೆಂಟರ್ ನಡೆಸುತ್ತಿದ್ದರು. ಎಂಟ್ರೆನ್ಸ್ ಪಾಸಾದ ಮಕ್ಕಳ ಮುಖಗಳ ಫ್ಲೆಕ್ಸು ಊರ ಬಾಗಿಲಲ್ಲೇ ಕಟ್ಟಿಸಿದ್ದರು. ಅದರಲ್ಲಿ ಎಲ್ಲರಿಗಿಂತ ದೊಡ್ಡ ಮುಖ ಕಿರಣನದು.

ಹೆಣ್ಣು ನೋಡುವ ಶಾಸ್ತ್ರಕ್ಕೆ ಅವರು ಬಂದಾಗ ಸೆಕೆ ಕುದಿಯುತ್ತಿತ್ತು. ಹೇಮ ತೋಟದಿಂದ ಬಂದು ಕೈಕಾಲು ತೊಳೆದು ಸೀರೆ ಉಟ್ಟಳು. ಅಮ್ಮ ಬಾದಾಮಿ ಹಣ್ಣು ಹೆಚ್ಚಿ ತಟ್ಟೆಗಳಲ್ಲಿಟ್ಟಳು. ಕುಶಲದ ಮಾತು ಮುಗಿಯುವ ಮೊದಲೇ ಮಾವ ಶುರುಮಾಡಿದರು.

"ನಮ್ಮ ಹುಡುಗಿ ಓದಿರೋ ಕಡೆ ಸೀಟು ಸಿಗೋದು ಅಂದ್ರೆ ಸುಮ್ನೆ ಅಲ್ಲ ಸಾರ್. ದೇಶಕ್ಕೇ ನಂಬರ್ ಅದು."

ಜಯರಾಮ್ ನಕ್ಕರು. "ಇರಬೋದು ಸಾರ್. ಆದ್ರೆ ನಮ್ಮ ಹುಡುಗ ಬರೆದ ಎಂಟ್ರೆನ್ಸ್ ಐತಲ್ಲ, ಅದರ ಮುಂದೆ ಮಿಕ್ಕಿದ್ದೆಲ್ಲ ಮಕ್ಕಳಾಟ. ಅದಕ್ಕೆ ಕೋಚಿಂಗ್ ಕೊಡೋನು ನಾನು, ನಂಗೆ ಗೊತ್ತು."

"ಎಂಟ್ರೆನ್ಸ್ ಕಷ್ಟ ಇದ್ರೆ ದೊಡ್ಡದಾಗ್ಬಿಡುತ್ತಾ? ಅಲ್ಲಿಂದ ಆಚೆಗೆ ಬಂದೋರು ಏನಾದ್ರು ಅಂತ ನೋಡ್ಬೇಕು. ದೆಹಲೀಲಿ ಓದಿದೋರು ಮಂತ್ರಿಗಳಾಗವ್ರೆ, ರಾಯಭಾರಿಗಳಾಗವ್ರೆ."

"ಆಗ್ಲಿ ಬಿಡಿ. ಅಂಥ ಮಂತ್ರಿಗಳಿಗೆ ಬುದ್ಧಿ ಹೇಳೋ ಜಾಗದಲ್ಲಿ ನಮ್ಮೋರು ಕೂತವ್ರೆ."

"ನಿಮ್ಮದು ಬರೀ ಟೆಕ್ನಿಕಲ್ ಸಾರ್. ವಿಶ್ವವಿದ್ಯಾಲಯ ಅಂದ್ಮೇಲೆ ಅದರೊಳಗೆ ವಿಶ್ವ ಇರ್ಬೇಕು."

"ವಿಶ್ವ ಇಟ್ಕೊಂಡು ಏನ್ ಮಾಡ್ತೀರಿ? ಆಚೆಗೆ ಬಂದ್ಮೇಲೆ ಕೆಲಸ ಇರ್ಬೇಕು."

ಇಬ್ಬರಲ್ಲಿ ಒಬ್ಬರೂ ಆ ಎರಡು ಜಾಗಗಳ ಒಳಗೆ ಕಾಲಿಟ್ಟವರಲ್ಲ. ಹೇಮ ಅಷ್ಟು ವರ್ಷ ದೆಹಲಿಯಲ್ಲಿದ್ದರೂ ಮಾವ ಒಂದು ಸಲವೂ ಹೋಗಿ ನೋಡಿರಲಿಲ್ಲ. ಆದರೂ ಒಬ್ಬರು ದೆಹಲಿಯ ವಕೀಲರಾದರು, ಇನ್ನೊಬ್ಬರು ಮದರಾಸಿನ ವಕೀಲರಾದರು. ಅಲ್ಲಿ ಓದಿದ ಇಬ್ಬರೂ ಎದುರುಬದುರು ಬಾಯಿ ಮುಚ್ಚಿಕೊಂಡು ಕೂತಿದ್ದರು. ತಟ್ಟೆಯಲ್ಲಿದ್ದ ಹಣ್ಣಿನ ಮೇಲೆ ನೊಣ ಕೂರತೊಡಗಿತು. ಅಮ್ಮ ಎರಡು ಸಲ "ತಗೊಳ್ಳಿ" ಅಂದಳು, ಯಾರಿಗೂ ಕೇಳಿಸಲಿಲ್ಲ.

ನಾನು ಕಾಫಿ ಕೊಡಲು ಹೋದಾಗ ಜಯರಾಮ್ ನನ್ನ ಕಡೆ ತಿರುಗಿದರು. "ನೀವು ಎಲ್ಲಿ ಓದಿದ್ದಮ್ಮ?"

"ಕೋಲಾರದಲ್ಲಿ ಸಾರ್."

"ಓ, ಲೋಕಲ್ಲು" ಎಂದು ಅವರು ಲೋಟ ತೆಗೆದುಕೊಂಡರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಆದರೆ ಮಾವ ಅವಸರವಾಗಿ ನಡುವೆ ಬಾಯಿ ಹಾಕಿದರು: "ಅವಳ ಕಾಲದಲ್ಲಿ ಗೈಡ್ ಮಾಡೋರು ಇರ್ಲಿಲ್ಲ ಸಾರ್."

ಮನೆಯಲ್ಲಿರುವ ಯಾವುದೋ ಕಾಯಿಲೆಗೆ ಸಮಜಾಯಿಷಿ ಕೊಟ್ಟ ಹಾಗಿತ್ತು ಆ ದನಿ. ಆ ಕಾಲೇಜಿನಲ್ಲಿ ನನಗೆ ಇತಿಹಾಸ ಕಲಿಸಿದ್ದು ಅವರೇ. ಅವರ ಪಾಠ ಕೇಳಿಯೇ ನನಗೆ ಮೇಷ್ಟ್ರಾಗಬೇಕು ಅನ್ನಿಸಿದ್ದು. ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಬಂದುಬಿಟ್ಟೆ.

ಕೊನೆಗೆ ಅಪ್ಪನೇ, "ಮಕ್ಕಳು ಒಂದೆರಡು ಮಾತಾಡ್ಲಿ" ಎಂದು ಹೇಮ ಕಿರಣರನ್ನು ತೋಟಕ್ಕೆ ಕಳಿಸಿದರು. ಹಿಂದಿರುಗಿ ಬಂದಾಗ ಇಬ್ಬರ ಮುಖದಲ್ಲೂ ನಗುವಿತ್ತು. "ಏನಂದ್ನೇ?" ಅಂತ ಕೇಳಿದೆ.

"ಒಳ್ಳೆಯವನು ಅಕ್ಕ. ಅವನ ಅಜ್ಜಿ ಬಯ್ಯೋ ತೆಲುಗು ಬೈಗುಳ ಎಲ್ಲ ಹೇಳ್ದ. ಎರಡು ನಂಗೂ ಗೊತ್ತಿರ್ಲಿಲ್ಲ, ಬರ್ಕೊಂಡೆ."

ಹೆಣ್ಣು ನೋಡಲು ಬಂದವನಿಂದ ಬೈಗುಳ ಬರೆದುಕೊಂಡ ಹುಡುಗಿ ನನ್ನ ತಂಗಿಯೊಬ್ಬಳೇ ಇರಬೇಕು. ನನಗೆ ಸಮಾಧಾನವಾಯಿತು. ಆದರೆ ಸಂಜೆ, ಬಂದವರೆಲ್ಲ ಹೋದ ಮೇಲೆ, ಪಾತ್ರೆ ಒರೆಸುತ್ತಾ ಅವಳು ಮೆಲ್ಲಗೆ ಅಂದಳು, "ಆದ್ರೂ ಅಕ್ಕ, ಸುಮ್ನೆ ಹೇಳ್ತೀನಿ, ನಮ್ಮದೇ ಮೇಲು." ಅಂದು ನಕ್ಕಳು. ನಾನು ನಗಲಿಲ್ಲ. ಆ ನಗುವಿನಲ್ಲಿ ಮಾವನ ದನಿ ಕೇಳಿಸಿತು. ಅವಳು ಹತ್ತಿದ ಏಣಿಯ ತಳದಲ್ಲಿ ನಾನು ಓದಿದ ಕಾಲೇಜಿತ್ತು, ಅವಳೂ ಅಲ್ಲಿಂದಲೇ ಹತ್ತಿದ್ದಳು. ಅಷ್ಟು ಬೇಗ ಮರೆತಳೇ ಅನ್ನಿಸಿ ಮನಸ್ಸಿಗೆ ಚುಚ್ಚಿತು.

ಒಪ್ಪಿಗೆಯಾಯಿತು. ನಾವು ಮಾಲೂರಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಇಟ್ಟಿಗೆ ಗೂಡುಗಳ ಹೊಗೆ, ಒಂದು ಬಿರುಮಳೆ. ಅವರ ನಡುಮನೆಯ ಗೋಡೆಯಲ್ಲಿ ಕಿರಣ್ ಕಪ್ಪು ಗೌನು ತೊಟ್ಟು ನಿಂತ ಫೋಟೋ, ಅದರ ಪಕ್ಕದಲ್ಲೇ ಸತ್ತುಹೋದ ಅವನ ಅಪ್ಪನ ಫೋಟೋ, ಎರಡಕ್ಕೂ ಒಂದೇ ಅಳತೆಯ ಹಾರ. ಕಿರಣನ ತಾಯಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಹಳ ಪ್ರೀತಿಯಿಂದಲೇ ಹೇಳಿದರು:

"ಹೆಣ್ಣು ಓದಿರ್ಬೇಕು, ನಾನು ಬೇಡ ಅನ್ನಲ್ಲ. ಆದ್ರೆ ನಾಕು ಜನ ಕೇಳ್ದಾಗ ಗಂಡಿಂದು ಒಂದು ಕೈ ಮೇಲೇ ಇರ್ಬೇಕು ನೋಡಿ. ಸಂಸಾರಕ್ಕೆ ಅದು ಒಳ್ಳೇದು."

ಅಮ್ಮ ತಲೆಯಾಡಿಸಿದಳು. ನಾನು ಹೇಮಳನ್ನು ನೋಡಿದೆ. ಅವಳು ಕಿರಣನನ್ನು ನೋಡುತ್ತಿದ್ದಳು. ಅವನು ಫೋನು ನೋಡುತ್ತಿದ್ದ. ತಾಂಬೂಲ ಬದಲಾಯಿಸಿದರು, ಶ್ರಾವಣದಲ್ಲಿ ಮದುವೆ ಎಂದು ಮಾತಾಯಿತು.

ಅಷ್ಟರಲ್ಲಿ ನನ್ನ ಶಾಲೆ ಶುರುವಾಗಿತ್ತು, ಶನಿವಾರ ಭಾನುವಾರ ತವರಿಗೆ ಬಂದು ಹೋಗುತ್ತಿದ್ದೆ. ತೋತಾಪುರಿ ಕಾಯಿ ಲಾರಿಗಟ್ಟಲೆ ಚಿತ್ತೂರಿನ ಜ್ಯೂಸ್ ಕಾರ್ಖಾನೆಗಳಿಗೆ ಹೋಗುವ ಹೊತ್ತಿಗೆ, ದಿನಪತ್ರಿಕೆಯಲ್ಲಿ ವಿಶ್ವವಿದ್ಯಾಲಯಗಳ ಆ ವರ್ಷದ ಶ್ರೇಯಾಂಕ ಬಂತು. ಅದು ಬರದೇ ಇದ್ದಿದ್ದರೆ ಮದುವೆ ನಡೆದುಹೋಗುತ್ತಿತ್ತೋ ಏನೋ. ಒಂದು ಲೆಕ್ಕದಲ್ಲಿ ಹೇಮಳದು ಮುಂದಿತ್ತು, ಇನ್ನೊಂದು ಲೆಕ್ಕದಲ್ಲಿ ಕಿರಣನದು ಮುಂದಿತ್ತು. ಮಾವ ಬೆಳಿಗ್ಗೆಯೇ ಜಯರಾಮ್ ಅವರಿಗೆ ಫೋನು ಮಾಡಿ ತಮಗೆ ಬೇಕಾದ ಸಾಲನ್ನು ಓದಿ ಹೇಳಿದರಂತೆ. ಮಧ್ಯಾಹ್ನದೊಳಗೆ ಜಯರಾಮ್ ತಮಗೆ ಬೇಕಾದ ಸಾಲಿನ ಫೋಟೋ ಮದುವೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಮಾವ ಇನ್ನೊಂದು ಹಾಕಿದರು. ಕಾಣದ ಕೇಳದ ನೆಂಟರೆಲ್ಲ ಎರಡು ಪಕ್ಷವಾದರು. ಬೆಂಗಳೂರಿನಲ್ಲಿದ್ದ ಅವರ ಕಡೆಯ ಯಾರೋ, ಇವೆರಡೂ ಏನಲ್ಲ, ನಿಜವಾದ ದೊಡ್ಡದು ತಮ್ಮ ಮಗ ಓದುವುದೇ ಎಂದು ಬರೆದರು. ಸೀರೆ, ಛತ್ರ, ಅಡುಗೆಯವರ ಮಾತಿಗೆಂದು ಮಾಡಿದ ಗುಂಪು ಅದು.

ಆಮೇಲೆ ಜಯರಾಮ್ ಅಪ್ಪನಿಗೆ ಫೋನು ಮಾಡಿದರು. ಲಗ್ನಪತ್ರಿಕೆಯಲ್ಲಿ ಹುಡುಗನ ಹೆಸರಿನ ಕೆಳಗೆ ಡಿಗ್ರಿ, ಸಂಸ್ಥೆಯ ಹೆಸರು ಎರಡೂ ಬರಲಿ, ಹುಡುಗಿಯದಕ್ಕೆ ಎಂ.ಎ. ಅಂತ ಇದ್ದರೆ ಸಾಕು. ವಿಶ್ವವಿದ್ಯಾಲಯದ ಹೆಸರು ಬೇಡ, ಪಿಎಚ್.ಡಿ. ಮಾತಂತೂ ಬೇಡವೇ ಬೇಡ. "ನಮ್ಮ ಕಡೆ ಮಕ್ಕಳು ಪೋಷಕರು ಎಲ್ಲ ಬರ್ತಾರೆ. ಸುಮ್ನೆ ಹೋಲಿಕೆ ಯಾಕೆ" ಅಂದರಂತೆ. ಅಪ್ಪ ನಮಗೆ ಹೇಳಿ, "ಏನ್ ಮಾಡೋಣಮ್ಮ?" ಎಂದು ಹೇಮಳ ಮುಖ ನೋಡಿದರು.

"ಕಿರಣ್ ಏನಂತಾರೆ ಅಂತ ಕೇಳಿ ಹೇಳ್ತೀನಪ್ಪ" ಅಂದಳು ಅವಳು. ಕೇಳಿದರೆ ಅವನು, ಪ್ರೆಸ್ಸಲ್ಲಿ ಸಿಕ್ಕಾಗ ಮಾತಾಡೋಣ ಅಂದನಂತೆ.

ಪತ್ರಿಕೆ ಮಾಡಿಸಲು ಶ್ರೀನಿವಾಸಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಅನ್ವರ್ ಭಾಯ್ ಪ್ರೆಸ್ಸಿಗೆ ಎರಡೂ ಕಡೆಯವರು ಬಂದೆವು. ನಮ್ಮ ಕಡೆ ಮಾವ, ಹೇಮ, ನಾನು. ಅವರ ಕಡೆ ಜಯರಾಮ್, ಕಿರಣ್. ಸಣ್ಣ ಅಂಗಡಿ. ಕಂಪ್ಯೂಟರಿನ ಪರದೆಯ ಮೇಲೆ ಗಣೇಶನ ಚಿತ್ರ, ಕೆಳಗೆ ಎರಡು ಹೆಸರು. ಅನ್ವರ್ ಭಾಯ್ ನಮ್ಮ ಮನೆಯ ಗೃಹಪ್ರವೇಶದಿಂದ ಹಿಡಿದು ನನ್ನ ಮದುವೆಯ ತನಕ ಎಲ್ಲ ಪತ್ರಿಕೆಯನ್ನೂ ಮಾಡಿಕೊಟ್ಟವರು.

ಜಯರಾಮ್ ಕಿರಣನ ಸಂಸ್ಥೆಯ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು. ಮಾವ ಕೂಡಲೇ ಹೇಮಳದನ್ನು ಹೇಳಿದರು. "ಅದು ಬೇಡ ಅಂತ ಮಾತಾಗಿದೆ" ಅಂದರು ಜಯರಾಮ್. "ಯಾರ ಹತ್ರ ಆಯ್ತು? ನನ್ನ ಹತ್ರ ಆಗಿಲ್ಲ. ಹಾಕಿದ್ರೆ ದಪ್ಪ ಅಕ್ಷರದಲ್ಲಿ ಹಾಕ್ಬೇಕು, ಇಲ್ಲಾಂದ್ರೆ ದೆಹಲಿಗೆ ಅವಮಾನ" ಅಂದರು ಮಾವ. ಇಬ್ಬರ ದನಿಯೂ ಏರಿತು. ಬಸ್ಸಿಗೆ ಕಾಯುತ್ತಿದ್ದವರು ಒಳಗೆ ಇಣುಕತೊಡಗಿದರು. ಅನ್ವರ್ ಭಾಯ್ ಕೀಬೋರ್ಡಿನಿಂದ ಕೈ ತೆಗೆದು, "ಸಾರ್, ಇಷ್ಟೆಲ್ಲ ಹಿಡಿಸಬೇಕಾದ್ರೆ ಮುಹೂರ್ತದ ಸಾಲು ತೆಗೀಬೇಕಾಗುತ್ತೆ" ಅಂದರು.

ಹೇಮ ಕಿರಣನ ಕಡೆ ತಿರುಗಿದಳು.

"ನೀವೇನಂತೀರಿ?"

ಅವನು ಮುಜುಗರದಿಂದ ನಕ್ಕ. "ಒಂದು ಲೈನ್ ತಾನೆ ಹೇಮ. ಬಿಟ್ರೆ ಏನಾಗುತ್ತೆ? ದೊಡ್ಡೋರ ಮನಸ್ಸಿಗೆ ಸಮಾಧಾನ."

"ಸರಿ. ಹಂಗಾದ್ರೆ ನಿಮ್ಮದೂ ಬಿಡೋಣ. ನಂದೂ ಬೇಡ, ನಿಮ್ಮದೂ ಬೇಡ. ಬರೀ ಹೆಸರು ಇರ್ಲಿ. ಬರೋರು ನಮ್ಮಿಬ್ಬರ ಮದುವೆಗೆ ಬರೋದು ತಾನೆ?"

ಎಷ್ಟು ಸುಲಭದ ಮಾತು. ಇಷ್ಟು ದಿನದ ರಗಳೆಯೆಲ್ಲ ಆ ಒಂದು ಮಾತಿಗೆ ಮುಗಿದುಹೋಗಬೇಕಿತ್ತು. ಅಡುಗೆಮನೆಯಲ್ಲಿ "ನಮ್ಮದೇ ಮೇಲು" ಅಂದಿದ್ದ ಹುಡುಗಿಯೇ ಅದನ್ನು ಕೆಳಗಿಟ್ಟು ನಿಂತಿದ್ದಳು. ಅವನೂ ಇಡಬೇಕು, ಅಷ್ಟೇ. ಕಿರಣ್ ಬಾಯಿ ತೆರೆದ. ಆಮೇಲೆ ದೊಡ್ಡಪ್ಪನ ಕಡೆ ನೋಡಿದ.

"ಅದು ಹೆಂಗಮ್ಮ ಆಗುತ್ತೆ?" ಅಂದರು ಜಯರಾಮ್. "ಅಷ್ಟು ಕಷ್ಟ ಬಿದ್ದು ಓದಿದ್ದು ಯಾಕೆ ಮತ್ತೆ?"

"ನಾನು ಕಷ್ಟ ಬೀಳ್ಲಿಲ್ವಾ ಸಾರ್?" ಎಂದು ಹೇಮ ಕೇಳಿದಳು. ಅವಳು ಮತ್ತೊಮ್ಮೆ ಕಿರಣನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಕೆಟ್ಟವನಲ್ಲ ಅವನು. ಆ ಹೊತ್ತಿನಲ್ಲಿ ಅವನ ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಆದರೆ ಒಂದು ಮಾತು ಬೇಕಿತ್ತು, ಅದು ಬರಲಿಲ್ಲ.

"ಅನ್ವರಣ್ಣ, ಪ್ರಿಂಟ್ ಬೇಡ" ಅಂದಳು ಹೇಮ. ಅವಳ ದನಿಯಲ್ಲಿ ನಡುಕವಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆಚೆಗೆ ಹೋಗಿ ಮಾವನ ಕಾರಿನ ಪಕ್ಕ ನಿಂತಳು. ಜಯರಾಮ್, "ದೆಹಲಿ ಬುದ್ಧಿ ಇದೇ ನೋಡಿ" ಎಂದು ಹೇಳಿ ಕಿರಣನ ತೋಳು ಹಿಡಿದು ಕರೆದುಕೊಂಡು ಹೋದರು.

ಊರಿಗೆ ಹಿಂದಿರುಗುವಾಗ ಕಾರಿನಲ್ಲಿ ಮಾವ ಹಗುರವಾಗಿದ್ದರು. ಮದುವೆ ಮುರಿದ ಬೇಸರ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಮನೆಗೆ ಬಂದು ಅಪ್ಪ ಅಮ್ಮನ ಮುಂದೆ ಕೂತು, "ಹೋಗ್ಲಿ ಬಿಡಿ ಭಾವ. ಅವ್ರು ಹಂಗೆ ಹಿಂಜರಿದ್ರು ಅಂದ್ರೆ ತಮ್ಮದು ಕೆಳಗಿಂದು ಅಂತ ಒಪ್ಕೊಂಡಂಗೇ ಆಯ್ತು. ಗೆದ್ದಿದ್ದು ನಾವೇ" ಅಂದರು.

ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೇಮ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಇಂಥ ಮನೆಯಲ್ಲಿ ಕೂತು ಗೆದ್ದೆವು ಅನ್ನುವ ಮನುಷ್ಯನನ್ನು ನೋಡಿ, ಬಾದಾಮಿ ಕೀಳುವ ಕಾಲದಿಂದ ನನ್ನೊಳಗೆ ಕಟ್ಟಿಕೊಂಡಿದ್ದು ಒಡೆದುಹೋಯಿತು.

"ಗೆದ್ದಿದ್ದು ಯಾರು ಮಾವ?" ಅಂದೆ. "ಒಳಗೆ ಬಾಗಿಲು ಹಾಕ್ಕೊಂಡು ಕೂತಿರೋಳಾ? ಅವಳು ಒಬ್ಬ ಹುಡುಗನ್ನ ಇಷ್ಟಪಟ್ಟಿದ್ಲು. ನಿಮಗದು ಕಾಣಿಸ್ತಾ? ನಿಮಗೆ ದೆಹಲಿ ಕಾಣಿಸ್ತು, ಅವರಿಗೆ ಮದರಾಸು ಕಾಣಿಸ್ತು. ಎರಡು ಊರಿಗೆ ಮದುವೆ ಮಾಡೋಕೆ ಹೊರಟಿದ್ರಾ?"

"ನೀನು ಸುಮ್ನಿರಮ್ಮ ಮಂಜುಳಾ" ಅಂದರು ಮಾವ. "ನಿಂಗೆ ಅಲ್ಲಿನ ವಿಚಾರ ತಿಳಿಯಲ್ಲ."

"ಹೌದು, ತಿಳಿಯಲ್ಲ. ನಾನು ಓದಿದ್ದು ನೀವು ಪಾಠ ಮಾಡಿದ ಕಾಲೇಜಲ್ಲಿ. ಇವಳು ಓದಿದ್ದೂ ಮೊದಲು ಅಲ್ಲೇ. ಅದರ ಹೆಸರು ಹೇಳೋಕೆ ನಿಮಗೇ ನಾಚಿಕೆ. ಬಂದೋರ ಮುಂದೆ ನನ್ನ ಓದಿಗೆ ಕ್ಷಮೆ ಕೇಳಿದ್ರಲ್ಲ, ಅಲ್ಲಿ ಪಾಠ ಹೇಳಿದ್ದು ಯಾರು ಮಾವ? ಅಷ್ಟು ವರ್ಷ ನಮ್ಮಂಥ ಮಕ್ಕಳ ಮುಂದೆ ನಿಂತ್ಕೊಂಡು, ಇವೆಲ್ಲ ಕೆಳಗಿನವು ಅಂತಾನೇ ಅಂದ್ಕೊಂಡಿದ್ರಾ?"

ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನನಗೆ ಕನಿಕರ ಬರಲಿಲ್ಲ. ಅಪ್ಪ, ಜೋರಾಗಿ ಮಾತಾಡಿ ಗೊತ್ತೇ ಇಲ್ಲದ ಅಪ್ಪ, ನಿಧಾನವಾಗಿ ಅಂದರು: "ಗೋಪಾಲಪ್ಪ, ಹಬ್ಬಕ್ಕೆ ಬಾ, ಊಟಕ್ಕೆ ಬಾ. ಇನ್ಮೇಲೆ ಈ ಮನೇಲಿ ನನ್ನ ಮಕ್ಕಳ ಓದಿನ ಮಾತು ಎತ್ತಬೇಡ." ಮಾವ ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ನೀಲಂ ಮಾವು ಕೀಳುವ ಕಾಲ ಬಂತು. ಮೋಡ ಕವಿದು ಕವಿದು ಹನಿ ಉದುರಿಸಿ ಹೋಗುತ್ತಿತ್ತು. ಹೇಮ ಮತ್ತೆ ತೋಟಕ್ಕೆ ಹೋಗತೊಡಗಿದಳು. ರೆಕಾರ್ಡ್ ಏನೂ ಮಾಡುತ್ತಿರಲಿಲ್ಲ, ಜಮೀಲಾಬಿಯ ಜೊತೆ ಕೂತು ಕಾಯಿ ವಿಂಗಡಿಸುತ್ತಿದ್ದಳು. ಮುಂಗೈಯಲ್ಲೆಲ್ಲ ಸೊನೆ ತಾಗಿ ಕಪ್ಪು ಗಾಯಗಳಾದವು. ಜಮೀಲಾಬಿ ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾ, "ಜಾನೇ ದೋ ಬೇಟಿ, ಹೋಗ್ಲಿ ಬಿಡು" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನದನ್ನು ಅವರು ಹೇಳಲೂ ಇಲ್ಲ, ಕೇಳಲೂ ಇಲ್ಲ.

ಒಂದು ಸಂಜೆ ಅಂಗಳದ ಮಂಚದ ಮೇಲೆ ಕೂತಿದ್ದಾಗ ಅವಳೇ ಮಾತು ತೆಗೆದಳು. "ಅಕ್ಕ, ದೆಹಲಿಗೆ ಹೋದ ಮೊದಲ ವಾರ ಹಾಸ್ಟೆಲಲ್ಲಿ ಎಲ್ಲಾರೂ ಕೇಳ್ತಿದ್ರು, ಬಿ.ಎ. ಯಾವ ಕಾಲೇಜು ಅಂತ. ಕೋಲಾರ ಅಂದ್ರೆ ಮುಖ ಮುಖ ನೋಡ್ಕೋತಿದ್ರು. ಅವರೆಲ್ಲ ದೆಹಲಿಯ ದೊಡ್ಡ ಕಾಲೇಜಿನೋರು. ಅವರಲ್ಲೂ ಈ ಕಾಲೇಜಿನೋರಿಗೆ ಆ ಕಾಲೇಜಿನೋರನ್ನ ಕಂಡ್ರೆ ಆಗ್ತಿರ್ಲಿಲ್ಲ. ವಿದೇಶಕ್ಕೆ ಹೋಗ್ಬಂದ ಮೇಷ್ಟ್ರುಗಳಿಗೆ ನಾವೆಲ್ಲ ಒಂದೇ, ಎಲ್ಲಾ ಕೆಳಗೇ. ಅವರವರಲ್ಲೇ ಮತ್ತೆ, ನೀನು ಓದಿದ್ದು ಯಾವ ದೇಶ, ನಾನು ಓದಿದ್ದು ಯಾವ ದೇಶ. ತುದೀನೇ ಇಲ್ಲ ಕ­ಣಕ್ಕ ಅದಕ್ಕೆ. ಆಮೇಲೆ ನಂಗೂ ಅದೇ ಅಭ್ಯಾಸ ಆಗೋಯ್ತು. ಅವತ್ತು ನಿನ್ನ ಮುಂದೆ ಹಂಗಂದೆನಲ್ಲ, ನಿಂಗೆ ನೋವಾಯ್ತಲ್ವಾ?"

"ಆಯ್ತು" ಅಂದೆ.

ಅವಳು ನನ್ನ ಭುಜಕ್ಕೆ ತಲೆ ಒರಗಿಸಿದಳು. ಕಿರಣನಿಗಾಗಿ ಅವಳು ಅತ್ತದ್ದು ಆಗಲೇ, ನನಗೆ ತಿಳಿದ ಮಟ್ಟಿಗೆ ಅದೊಂದೇ ಸಲ.

ಆ ಸುಗ್ಗಿ ಮುಗಿಯಿತು. ಮೌಖಿಕ ಪರೀಕ್ಷೆ ಮುಗಿಸಿ ಹೇಮ ಡಾಕ್ಟರ್ ಹೇಮ ಆದಳು. ದೊಡ್ಡ ಜಾಗಗಳಿಂದಲೂ ಕರೆ ಬಂದಿತ್ತು. ಅವಳು ಬೀದರ್ ಕಡೆಯ ಒಂದು ಸಣ್ಣ ಊರಿನ ಡಿಗ್ರಿ ಕಾಲೇಜಿಗೆ ಸೇರಿದಳು. ಅಲ್ಲಿಯೂ ಕನ್ನಡ, ತೆಲುಗು, ಉರ್ದು, ಮರಾಠಿ ಎಲ್ಲ ಒಂದೇ ಸಂತೆಯಲ್ಲಿ ಕೇಳಿಸುತ್ತವಂತೆ. ತಮ್ಮ ಅಜ್ಜಿಯರ ಮಾತನ್ನು ರೆಕಾರ್ಡ್ ಮಾಡಿಕೊಂಡು ಬರಲು ಮಕ್ಕಳನ್ನು ಕಳಿಸುತ್ತಾಳೆ. ಫೋನಿನಲ್ಲಿ ಅವಳ ದನಿ ಕೇಳಿದರೆ ಸಾಕು, ಸುಖವಾಗಿದ್ದಾಳೆಂದು ತಿಳಿಯುತ್ತದೆ. ಮಾವ ಹಬ್ಬಕ್ಕೆ ಬರುತ್ತಾರೆ, ಊಟ ಮಾಡುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ. ಮದುವೆಮನೆಗಳಲ್ಲಿ ಈಗ ಹೇಮಳ ಸುದ್ದಿ ಎತ್ತುವುದಿಲ್ಲ. ಅದನ್ನು ಅಪ್ಪನ ಮಾತಿಗೆ ಕೊಟ್ಟ ಮರ್ಯಾದೆ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. "ಅಷ್ಟು ಓದಿ ಅಲ್ಲಿಗೆ ಹೋದ್ಲಲ್ಲ, ಏನಂತ ಹೇಳ್ಲಿ" ಎಂದು ಅಮ್ಮನ ಹತ್ತಿರ ಅಂದರಂತೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಕಿರಣ್ ನಮ್ಮ ಶಾಲೆಗೆ ಬಂದ. ಕಾರ್ಖಾನೆಯ ಕೆಲಸದ ಮೇಲೆ ಚಿತ್ತೂರಿಗೆ ಹೋಗುತ್ತಿದ್ದನಂತೆ, ದಾರಿಯಲ್ಲಿ ಇಳಿದ. ತೆಳ್ಳಗಾಗಿದ್ದ. ಸ್ಟಾಫ್ ರೂಮಿನಲ್ಲಿ ಕೂರಿಸಿ ಟೀ ತರಿಸಿದೆ.

"ಅಕ್ಕಾ, ನಂಗೆ ಇನ್ನೂ ಮದುವೆ ಆಗಿಲ್ಲ" ಅಂದ. "ಅವತ್ತು ನಾನು ಮಾತಾಡ್ಬೇಕಿತ್ತು. ಆಮೇಲೆ ಬಹಳ ಯೋಚನೆ ಮಾಡ್ದೆ. ದೊಡ್ಡಪ್ಪನ್ನೂ ಒಪ್ಪಿಸಿದ್ದೀನಿ. ಪತ್ರಿಕೇಲಿ ಅವರ ಯೂನಿವರ್ಸಿಟಿ ಹೆಸರೂ ಹಾಕಿಸ್ತೀವಿ, ಒಂದೇ ಸೈಜಲ್ಲಿ."

ನಾನು ಅವನ ಮುಖ ನೋಡಿದೆ. ಮನಸ್ಸಿಟ್ಟೇ ಹೇಳುತ್ತಿದ್ದ. ದೊಡ್ಡಪ್ಪನ ಜೊತೆ ಇದಕ್ಕಾಗಿ ಜಗಳವಾಡಿಯೂ ಇರಬೇಕು.

"ಹೇಮ ಈಗ ಎಲ್ಲಿದ್ದಾರೆ ಅಕ್ಕ?"

ಹೇಳಿದೆ. ಊರಿನ ಹೆಸರು, ಕಾಲೇಜಿನ ಹೆಸರು. ಅವನು ಆ ಹೆಸರನ್ನು ಎಲ್ಲಾದರೂ ಕೇಳಿದ್ದೇನೆಯೇ ಎಂದು ನೆನಪು ಮಾಡಿಕೊಳ್ಳುವವನಂತೆ ಹುಬ್ಬು ಗಂಟಿಕ್ಕಿದ. ಕೇಳಿರಲಿಲ್ಲ. ಅವನ ಮುಖ ಮೃದುವಾಯಿತು.

"ಅಯ್ಯೋ ಪಾಪ" ಅಂದ. "ಅಂಥ ಕಡೆ ಓದಿ, ಅಲ್ಲಿ ಹೋಗಿ ಕೂತ್ರಾ? ಎಲ್ಲ ನನ್ನಿಂದಾನೇ ಅನ್ಸುತ್ತೆ ಅಕ್ಕ."

ಜಯರಾಮ್ ನನ್ನನ್ನು ಲೋಕಲ್ಲು ಅಂದಾಗಲೂ, ಮಾವ ಗೆದ್ದೆವು ಅಂದಾಗಲೂ ನನಗೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು ಬಂತು. ಅವರಿಬ್ಬರೂ ಮುದುಕರು. ಇವನು ಅವಳನ್ನು ಇಷ್ಟಪಟ್ಟವನು, ಪಶ್ಚಾತ್ತಾಪಪಟ್ಟು ಇಲ್ಲಿಯ ತನಕ ಬಂದವನು. ಆದರೂ ಅವಳು ಅಲ್ಲಿ ಏನು ಮಾಡುತ್ತಿದ್ದಾಳೆ, ಹೇಗಿದ್ದಾಳೆ ಎಂದು ಕೇಳಲಿಲ್ಲ.

"ಕಿರಣ್, ನಿಮ್ಮಿಂದ ಅಲ್ಲ" ಅಂದೆ. "ಅವಳು ಹುಡುಕಿಕೊಂಡು ಹೋದ ಜಾಗ ಅದು. ಬೇರೆ ಕಡೆ ಕರೆದಿದ್ರು, ಬಿಟ್ಟು ಹೋದ್ಲು. ನಿಮ್ಮ ಅಯ್ಯೋ ಪಾಪ ಅವಳಿಗೆ ಬೇಡ."

ಅವನು ಗಲಿಬಿಲಿಗೊಂಡ. "ನಾನು ಹಂಗಲ್ಲ ಅಕ್ಕ ಅಂದಿದ್ದು... ಅಲ್ಲಿ ಸ್ಕೋಪ್ ಇರಲ್ವಲ್ಲ ಅಂತ."

ಗಂಟೆ ಹೊಡೆಯಿತು. ನನಗೆ ಒಂಬತ್ತನೇ ತರಗತಿಯ ಪಾಠವಿತ್ತು. ಮಳೆಯ ಸದ್ದಿನೊಳಗೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ಟೀ ಕುಡಿದು ಮಳೆ ನಿಂತ ಮೇಲೆ ಹೊರಡಿ ಎಂದು ಅವನಿಗೆ ಹೇಳಿ, ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದೆ.